ಬಿಸಿಲಿಲ್ಲದ ಓಣಿಯ ಉಪ್ಪುಕಂಡ

ನಮ್ಮ ಊರಿನಲ್ಲಿ ಬಿಸಿಲು ದಿನಕ್ಕೊಂದು ಬೀದಿಗೆ ಬೀಳುತ್ತದೆ. ಸೋಮವಾರ ಸೋಮವಾರದ ಬೀದಿಗೆ, ಮಂಗಳವಾರ ಮಂಗಳವಾರದ ಬೀದಿಗೆ, ಹೀಗೆ ಭಾನುವಾರದ ತನಕ. ಮಿಕ್ಕ ಆರು ಬೀದಿಗಳಲ್ಲಿ ಅವತ್ತು ಬೆಳಕಿರುತ್ತದೆ, ಬಿಸಿಲಿರುವುದಿಲ್ಲ. ಹೊರಗಿನಿಂದ ಬಂದವರು ಮೊದಲ ದಿನ ಬೀದಿಯ ತುದಿಯಲ್ಲಿ ನಿಂತು, ಒಂದು ಕಾಲು ಬಿಸಿಲಲ್ಲಿ, ಒಂದು ಕಾಲು ನೆರಳಲ್ಲಿ ಇಟ್ಟು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಎರಡನೆಯ ದಿನ ಅವರೂ ಒದ್ದೆ ಪಂಚೆ ಹೆಗಲ ಮೇಲೆ ಹಾಕಿಕೊಂಡು, ಇವತ್ತು ಯಾವ ಬೀದಿ ಎಂದು ಸಿಕ್ಕವರನ್ನು ಕೇಳುತ್ತಿರುತ್ತಾರೆ.

ಬಿಸಿಲು ಹೀಗೆ ಸರದಿಯ ಮೇಲೆ ಬರುವಾಗ ಬದುಕು ಸಾಗಬೇಕಾದರೆ ಎಲ್ಲ ಬೀದಿಯಲ್ಲೂ ಬೇಕಾದವರು ಇರಬೇಕು. ಹಪ್ಪಳಕ್ಕೆ ಎರಡು ಬಿಸಿಲು, ಮೆಣಸಿನಕಾಯಿಗೆ ಮೂರು, ಬಾಣಂತಿಯ ಕೂಸಿಗೆ ದಿನಾ ಒಂದಿಷ್ಟು. ಬೆಳಿಗ್ಗೆ ಎದ್ದರೆ ಊರಿಗೆ ಊರೇ ಮೊರ, ಚಾಪೆ, ದಿಂಬು, ಕೂಸು ಎತ್ತಿಕೊಂಡು ಅವತ್ತಿನ ಬೀದಿಗೆ ಹೊರಡುತ್ತದೆ. ಹೆಣ್ಣು ನೋಡುವವರು ಜಾತಕಕ್ಕಿಂತ ಮೊದಲು ಬೀದಿ ಕೇಳುತ್ತಾರೆ. ಇದಕ್ಕೊಂದು ಕಟ್ಟುಪಾಡಿದೆ. ನಿಮ್ಮ ಹಗ್ಗ ನಮ್ಮ ಮಾಳಿಗೆಯಲ್ಲಿ ಕಟ್ಟಿದ್ದರೆ ನಮ್ಮ ಹಗ್ಗವನ್ನು ನಿಮ್ಮ ಮಾಳಿಗೆಯಲ್ಲಿ ಕಟ್ಟಬಹುದು. ನಿಮ್ಮದು ನಮ್ಮಲ್ಲಿ ಇಲ್ಲದಿದ್ದರೆ ನಾವು ನಿಮ್ಮ ಮೆಟ್ಟಿಲು ಹತ್ತುವಂತಿಲ್ಲ. ಇದನ್ನು ಯಾರು ಬರೆದಿಟ್ಟರೋ ಗೊತ್ತಿಲ್ಲ, ಮೀರಿದವರನ್ನಂತೂ ನಾನು ನೋಡಿಲ್ಲ.

ನಾನಿರುವುದು ಶನಿವಾರದ ಬೀದಿಗೂ ಭಾನುವಾರದ ಬೀದಿಗೂ ನಡುವೆ ಸಿಕ್ಕಿಕೊಂಡಿರುವ ಓಣಿಯಲ್ಲಿ. ಹನ್ನೊಂದು ಮನೆ. ಆ ಓಣಿಗೆ ಯಾವ ವಾರವೂ ಇಲ್ಲ, ಆದ್ದರಿಂದ ಬಿಸಿಲೂ ಇಲ್ಲ. ಬಿಸಿಲಿಲ್ಲದ ಕಡೆ ಹಗ್ಗ ಕಟ್ಟಲು ಯಾರು ಬರುತ್ತಾರೆ? ಅವರು ಬಾರದ ಮೇಲೆ ನಾವೂ ಹೋಗುವಂತಿಲ್ಲ. ನಮ್ಮ ಬಟ್ಟೆ ಗಾಳಿಗೆ ಒಣಗುತ್ತದೆ, ಮೆಣಸಿನಪುಡಿ ಅಂಗಡಿಯಿಂದ ಬರುತ್ತದೆ, ಇದರಿಂದ ಯಾರ ಜೀವವೂ ಹೋಗಿಲ್ಲ. ಆದರೆ ಮದುವೆಯ ವಿಷಯ ಬಂದಾಗ ಮಾತ್ರ ಓಣಿಯ ಗಂಡು ಕೈ ಚೆಲ್ಲಿ ಕೂರಬೇಕು. ಏಕೆಂದರೆ ಊರೊಳಗಿನ ಹೆಣ್ಣು ಕೇಳುವವನು ಉಪ್ಪುಕಂಡ ಒಯ್ಯಬೇಕು. ಉಪ್ಪು, ಅರಿಶಿನ, ಖಾರ ಹಚ್ಚಿ, ದಾರಕ್ಕೆ ಪೋಣಿಸಿ, ಒಂದರ ಹಿಂದೊಂದು ನಾಲ್ಕು ಬೀದಿಯ ನಾಲ್ಕು ಬಿಸಿಲು ಕಾಣಿಸಿದ ಮಾಂಸ. ಹೆಣ್ಣಿನ ಕಡೆಯ ಹಿರಿಯರು ಅದನ್ನು ಹುರಿಸಿ ಎಲೆಗೆ ಹಾಕಿಸಿಕೊಂಡಾಗ, ಮೊದಲ ದಿನ ಇಂಥವರ ಮನೆ, ಎರಡನೇ ದಿನ ಇಂಥವರ ಮನೆ ಎಂದು ಗಂಡು ನಾಲ್ಕು ಹೆಸರು ಹೇಳಬೇಕು. ಹಿರಿಯರು ಎಲೆ ಖಾಲಿ ಮಾಡಿದರೆ ಒಪ್ಪಿದ ಹಾಗೆ. ಓಣಿಯ ಗಂಡಸರು ಇದೆಲ್ಲ ಯಾಕೆಂದು ಪರವೂರಿನಿಂದ ಹೆಣ್ಣು ತರುತ್ತಾರೆ. ನನ್ನ ಅಪ್ಪ, ಅವ್ವ ಬೇಗ ಹೋಗಿಬಿಟ್ಟರು, ಓಡಾಡುವವರು ಯಾರೂ ಇರಲಿಲ್ಲ. ನೋಡ ನೋಡುತ್ತ ನನಗೆ ನಲವತ್ತಾರಾಯಿತು.

ನನ್ನ ಹೆಸರು ಜವರಯ್ಯ. ಕಸುಬು ಫ್ರಿಜ್ ರಿಪೇರಿ. ಇಪ್ಪತ್ತೈದು ವರ್ಷದಿಂದ ಏಳೂ ಬೀದಿಯ ಅಡುಗೆಮನೆಗಳಲ್ಲಿ ಅಂಗಾತ ಮಲಗಿ ಫ್ರಿಜ್ಜುಗಳ ಹಿಂದಕ್ಕೆ ಕೈ ತೂರಿಸಿದ್ದೇನೆ. ಎಲ್ಲರೂ ಕಾಫಿ ಕೊಡುತ್ತಾರೆ, ಮೇಸ್ತ್ರಿ ಎಂದು ಮರ್ಯಾದೆಯಿಂದ ಮಾತಾಡಿಸುತ್ತಾರೆ. ಶುಕ್ರವಾರದ ಬೀದಿಯ ಮಟನ್ ಅಂಗಡಿಯ ಚೆನ್ನಾಜಿಯೂ ಹಾಗೆಯೇ ಮಾತಾಡಿಸಿದ್ದು. ಗಂಡ ಹೋಗಿ ಎಂಟು ವರ್ಷವಾದರೂ ಅಂಗಡಿಯನ್ನು ಒಂದು ದಿನವೂ ಮುಚ್ಚದೆ ನಡೆಸಿಕೊಂಡು ಬಂದವಳು. ಅವಳ ಫ್ರಿಜ್ಜು ಕೆಟ್ಟಿತ್ತು. ನಾನು ಒಳಗೆ ಬಗ್ಗಿ ಹುಡುಕುತ್ತಿದ್ದರೆ ಅವಳು ಟಾರ್ಚು ಹಿಡಿದು ನಿಂತಿದ್ದಳು. "ಸಬ್ದ ಕೇಳಿದ್ರೆ ಫ್ಯಾನಿಂದು ಅನ್ನುಸ್ತದೆ ಮೇಸ್ತ್ರಿ, ನೀವ್ಯಾಕೆ ಗ್ಯಾಸಿನ್ ಕಡೆ ವೋದ್ರಿ?" ಎಂದಳು. ನೋಡಿದರೆ ಫ್ಯಾನೇ. ಅವತ್ತಿನಿಂದ ನನ್ನ ತಲೆ ಕೆಟ್ಟಿತು. ಆಮೇಲೆ ಎರಡು ವರ್ಷ, ಕೆಡದ ಫ್ರಿಜ್ಜನ್ನು ತಿಂಗಳಿಗೊಮ್ಮೆ ನೋಡಿ ಬರುತ್ತಿದ್ದೆ.

ಕೊನೆಗೊಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಕೇಳಿಯೇಬಿಟ್ಟೆ. ಅವಳು ಕತ್ತಿಯನ್ನು ಬಟ್ಟೆಗೆ ಒರೆಸುತ್ತ, ತಲೆ ಎತ್ತದೆ ಹೇಳಿದಳು. "ನಂದೇನೂ ಅಡ್ಡಿ ಇಲ್ಲ. ಇದುನ್ನ ಕೇಳಕ್ಕೆ ಎರಡು ವರ್ಸ ತಕಂಡ್ರಲ್ಲ ಅನ್ನೋದೊಂದೇ ಬ್ಯಾಸ್ರ. ಆದ್ರೆ ಅತ್ತೆ ಒಪ್ಪಬೇಕು. ಅತ್ತೆ ಮಾತು ಮೀರಿ ನಾನು ಬರಕ್ಕಿಲ್ಲ."

ಅತ್ತೆ ಎಂದರೆ ಅದೇ ಬೀದಿಯಲ್ಲಿರುವ ಅವಳ ಸೋದರತ್ತೆ ದೊಡ್ಡತಾಯಮ್ಮ. ತಾಯಿ ಇಲ್ಲದ ಚೆನ್ನಾಜಿಯನ್ನು ಸಾಕಿದವರು. ಅವಳ ಗಂಡ ಸತ್ತ ಹೊಸದರಲ್ಲಿ ಮೈದುನರು ಅಂಗಡಿಗೆ ಬೀಗ ಹಾಕಲು ಬಂದಾಗ ಬಾಗಿಲಿಗೆ ಅಡ್ಡಲಾಗಿ ಒಂದು ತಿಂಗಳು ಕೋಲು ಹಿಡಿದು ಕೂತವರು. ಉಪ್ಪುಕಂಡದ ಒಂದು ಚೂರು ಬಾಯಿಗೆ ಹಾಕಿಕೊಂಡು, ಇದು ಮಂಗಳವಾರದ ಬಿಸಿಲು, ಇದಕ್ಕೆ ಬುಧವಾರ ಮೋಡ ಅಡ್ಡ ಬಂದಿತ್ತು ಎಂದು ಹೇಳಬಲ್ಲ ನಾಲಿಗೆ ಅವರದು. ಅಂಥವರ ಮುಂದೆ ಓಣಿಯ ಗಂಡು ಏನು ಹಿಡಿದುಕೊಂಡು ಹೋಗಬೇಕು?

ಯಾರ ಮನೆಯ ಮಾಳಿಗೆ ಕೇಳಿದರೂ ಸಿಗುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ತಲೆ ಕಸುಬಿನ ದಾರಿಯಲ್ಲಿ ಓಡಿತು. ಬಿಸಿಲಿನ ಹತ್ತಿರ ಮಾಂಸ ಒಯ್ಯಲಾಗದಿದ್ದರೆ ಬಿಸಿಲನ್ನೇ ಮನೆಗೆ ತಂದರಾಯಿತು. ಬಾಯಲ್ಲಿಟ್ಟ ಕೂಡಲೇ ದೊಡ್ಡತಾಯಮ್ಮ ಹೆಸರು ಕೇಳುವುದನ್ನೇ ಮರೆತುಬಿಡಬೇಕು, ಅಂಥ ಉಪ್ಪುಕಂಡ ಮಾಡಿದರೆ ಗೆದ್ದೆ ಎಂದುಕೊಂಡೆ. ಒಂಬತ್ತು ವರ್ಷದ ಹಿಂದೆ ಯಾರೋ ರಿಪೇರಿಗೆ ಕೊಟ್ಟು ಊರು ಬಿಟ್ಟುಹೋದ ಒಂಟಿ ಬಾಗಿಲಿನ ಎತ್ತರದ ಫ್ರಿಜ್ಜೊಂದು ನಮ್ಮ ಹಜಾರದಲ್ಲಿ ನಿಂತಿತ್ತು. ಅದರ ಮೋಟರು ಬಿಚ್ಚಿ, ತಟ್ಟೆಗಳನ್ನೆಲ್ಲ ತೆಗೆದು, ಮೇಲೆ ಎರಡು ಕಬ್ಬಿಣದ ಸಲಾಕೆ ಕೂರಿಸಿದೆ. ಕೆಳಗೆ ಬಲ್ಬು. ಪಕ್ಕದ ಮನೆಯ ಟೈಲರ್ ಮುನಿಶಾಮಿ ಹೊಲಿಗೆ ಬಿಟ್ಟು ಎದ್ದು ಬಂದು ನೋಡಿದ. "ತಣ್ಣಗಿಡೋ ಡಬ್ಬೀಲಿ ಬಿಸ್ಲು ಮಾಡ್ತೀನಿ ಅಂತೀಯಲ್ಲ ಜವರ, ನಿಂಗೆ ವಯಸ್ಸಾಯ್ತೋ, ಇಲ್ಲ ವಯಸ್ಸಿಗ್ ಬಂದ್ಯೋ?" ಎಂದ.

ಮಾಂಸ ಚೆನ್ನಾಜಿಯ ಅಂಗಡಿಯದೇ. ತೊಡೆಯ ಮಾಂಸ ಒಂದು ಕಿಲೋ, ಎಳೆಯ ಉದ್ದಕ್ಕೆ ಎರಡು ಬೆರಳು ದಪ್ಪಕ್ಕೆ ಸೀಳಿ ಕೊಟ್ಟಳು. ಯಾಕೆ ಎಂದು ಕೇಳಲಿಲ್ಲ, ಕಣ್ಣಲ್ಲೇ ನಕ್ಕಳು. ಉಪ್ಪು, ಅರಿಶಿನ, ಖಾರ ತಿಕ್ಕಿ, ಸರ ಮಾಡಿ ನೇತುಹಾಕಿ, ನೂರು ವಾಟಿನ ಎರಡು ಬಲ್ಬು ಹಚ್ಚಿ ಬಾಗಿಲು ಮುಚ್ಚಿದೆ. ಮೂರು ಹಗಲು, ಮೂರು ರಾತ್ರಿ ಆರಿಸಲಿಲ್ಲ. ಬಿಸಿಲು ಸಂಜೆಗೆ ಹೋಗುತ್ತದೆ ಎನ್ನುವುದು ನನಗೇನು ತಿಳಿಯದ್ದಲ್ಲ. ಆದರೆ ಹುಟ್ಟಿದಂದಿನಿಂದ ಮನೆಯೊಳಗೆ ಬಿಸಿಲು ನೋಡದವನಿಗೆ, ಕೈಗೆ ಸಿಕ್ಕ ಮೇಲೆ ಅದನ್ನು ಆರಿಸಲು ಮನಸ್ಸಾದರೂ ಹೇಗೆ ಬರುತ್ತದೆ? ನಾಲ್ಕನೇ ದಿನ ತೆಗೆದರೆ ಕಪ್ಪಗೆ ಮಿರುಗುತ್ತಿತ್ತು. ಕಲ್ಲಿಗೆ ಬಡಿದರೆ ಟಕ್ ಟಕ್ ಎಂದಿತು. ಗೆದ್ದೆ ಎಂದುಕೊಂಡು ಅಂಗಡಿಗೆ ಒಯ್ದೆ.

ಚೆನ್ನಾಜಿ ಒಂದು ತುಂಡನ್ನು ಮರದ ದಿಮ್ಮಿಯ ಮೇಲಿಟ್ಟು ಕತ್ತಿಯಲ್ಲಿ ಎರಡು ಮಾಡಿದಳು. ಹೊರಗೆ ಚಪ್ಪಲಿಯ ಚರ್ಮ, ಒಳಗೆ ಕೆಂಪಗೆ ಹಸಿ ಮಾಂಸ, ಮೂಗು ಮುಚ್ಚಿಕೊಳ್ಳುವಂಥ ಹುಳಿ ವಾಸನೆ. "ಬಿಸ್ಲೂ ಸಂಜೆ ಮನೆಗೋಯ್ತದೆ ಮೇಸ್ತ್ರಿ," ಎಂದಳು. "ಅದು ವೋದ್ಮೇಲೆ ಒಳಗಿನ್ ನೀರು ಮೆಲ್ಲುಕೆ ಈಚಿಗ್ ಬತ್ತದೆ. ಬೆಳಿಗ್ಗೆ ಬಿಸ್ಲು ಬಂದು ಅದುನ್ನ ಕುಡ್ಕತದೆ. ನೀವು ಒಂದೇ ಸಮ ಸುಟ್ಟು ಮೇಲ್ಗಡೆ ಬಾಗ್ಲಾಕ್ಬುಟ್ರೆ ನೀರು ಪಾಪ ಎಲ್ಲಿಗೋಗ್ಬೇಕು?" ಇಷ್ಟು ವರ್ಷ ಫ್ರಿಜ್ಜು ರಿಪೇರಿ ಮಾಡಿದವನಿಗೆ ಮಾಂಸದೊಳಗಿನ ನೀರಿನ ದಾರಿಯನ್ನು ಅವಳು ಮೂರು ಮಾತಿನಲ್ಲಿ ಕಲಿಸಿದಳು.

ಎರಡನೇ ಸಲ ನಲವತ್ತು ವಾಟಿನ ಒಂದೇ ಬಲ್ಬು. ಬೆಳಿಗ್ಗೆ ಹಚ್ಚಿ ಸಂಜೆ ಆರಿಸಿದೆ. ಬಿಸಿ ಸೋರಬಾರದೆಂದು ಬಾಗಿಲಿನ ಸುತ್ತ ಹೊಸ ರಬ್ಬರು ಕೂರಿಸಿದೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಏಳು ಬೀದಿಯಲ್ಲಿ ಇಲ್ಲ. ಬಾಗಿಲಿನ ಸಂದಿಗೆ ಕಾಗದ ಸಿಕ್ಕಿಸಿ ಎಳೆದರೆ ಕಾಗದ ಹರಿಯಬೇಕೇ ಹೊರತು ಈಚೆ ಬರಬಾರದು, ಹಾಗಿತ್ತು. ಐದನೇ ದಿನ ಬಾಗಿಲು ತೆರೆದೆ. ಮಾಂಸದ ಮೇಲೆಲ್ಲ ಹಸಿರು ಬೂಷ್ಟು, ಬೆಕ್ಕಿನ ಮರಿಯ ಮೈಯ ಹಾಗೆ ನಯವಾಗಿ ಬೆಳೆದಿತ್ತು. ಮುನಿಶಾಮಿ ಅರ್ಧ ಹೊಲಿದ ರವಿಕೆಯನ್ನು ಮೂಗಿಗೆ ಒತ್ತಿಕೊಂಡು ಬೀದಿಗೆ ಓಡಿದ. ನಾನು ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಅಂಗಡಿಗೆ ಹೋದೆ.

"ಅಲ್ಲೇ ನಿಂತ್ಕಳಿ ಮೇಸ್ತ್ರಿ, ಅದುನ್ನ ಒಳಿಕ್ಕೆ ತರಬ್ಯಾಡಿ, ಮಿಕ್ಕಿದ್ ಮಾಂಸ ಹೆದ್ರುಕತದೆ," ಎಂದಳು ಚೆನ್ನಾಜಿ. ದೂರದಿಂದಲೇ ನೋಡಿ ಕೇಳಿದಳು, "ಒಳ್ಗೆ ಗಾಳಿ ಆಡ್ತದಾ?"

"ಒಂದು ಚೂರೂ ಆಡಕ್ಕಿಲ್ಲ. ಹೊಸಾ ರಬ್ಬರ್ ಹಾಕಿವ್ನಿ," ಎಂದೆ, ಎದೆ ಉಬ್ಬಿಸಿ.

ಅವಳು ಕತ್ತಿ ಕೆಳಗಿಟ್ಟು ನಗಲು ಶುರು ಮಾಡಿದಳು. ಸರದಿಯಲ್ಲಿ ನಿಂತಿದ್ದವರೂ ನಕ್ಕರು. ಅರ್ಧ ದಾರಿ ಬಂದ ಮೇಲೆ ನನಗೂ ನಗು ಬಂತು. ಒಳಗಿನದು ಹೊರಗೆ ಹೋಗದ ಹಾಗೆ ಮುಚ್ಚುವುದೇ ನನ್ನ ಜನ್ಮದ ಕೆಲಸವಾಗಿತ್ತು. ಮಾಂಸಕ್ಕೆ ಬೇಕಾಗಿದ್ದದ್ದು ಅದರ ತದ್ವಿರುದ್ಧ. ಮನೆಗೆ ಬಂದು ಬ್ಲೇಡು ಹಿಡಿದು, ನಾನೇ ಕೂರಿಸಿದ್ದ ರಬ್ಬರನ್ನು ಮೇಲೊಂದು ಕಡೆ, ಕೆಳಗೊಂದು ಕಡೆ ಅಂಗೈ ಅಗಲಕ್ಕೆ ಕತ್ತರಿಸಿದೆ. ಕತ್ತರಿಸುವ ಮುಂಚೆ ಎರಡು ಸಲ ಬ್ಲೇಡು ಕೆಳಗಿಟ್ಟೆ, ಸುಳ್ಳು ಹೇಳುವುದಿಲ್ಲ. ನೊಣ ಬಾರದ ಹಾಗೆ ಆ ಕಿಂಡಿಗಳಿಗೆ ತೆಳು ಬಟ್ಟೆ ಕಟ್ಟಿದೆ. ಹಳೆಯ ಫ್ರಿಜ್ಜೊಂದರಿಂದ ಬಿಚ್ಚಿದ ಚಿಕ್ಕ ಫ್ಯಾನು ಒಳಗೆ ಕೂರಿಸಿದೆ. ಗಾಳಿ ತೀರ ಒಣಗಿ ಮತ್ತೆ ಚಪ್ಪಲಿ ಆಗಬಾರದಲ್ಲ, ಅದಕ್ಕೆ ಕೆಳಗೊಂದು ಬೋಗುಣಿಯಲ್ಲಿ ನೀರು ಚಿಮುಕಿಸಿದ ಕಲ್ಲುಪ್ಪು ಇಟ್ಟೆ. ಗಾಳಿಯ ತೇವ ತೋರಿಸುವ ಮುಳ್ಳಿನ ಡಬ್ಬಿಯೊಂದನ್ನು ಸಲಾಕೆಗೆ ಸಿಕ್ಕಿಸಿದೆ.

ಈ ಸಲ ಆತುರ ಪಡಲಿಲ್ಲ. ಮೊದಲು ಮಾಂಸವಿಲ್ಲದೆ ಪರೀಕ್ಷೆ. ಹೆಗಲ ಮೇಲಿನ ಚೌಕವನ್ನು ಒದ್ದೆ ಮಾಡಿ ನೇತುಹಾಕಿ ಮೂರು ದಿನ ಮುಳ್ಳನ್ನು ನೋಡಿದೆ. ತೊಂಬತ್ತಕ್ಕೆ ಏರಿದರೆ ಕಿಂಡಿಯ ಬಟ್ಟೆ ಸರಿಸಿದೆ, ಅರವತ್ತಕ್ಕೆ ಇಳಿದರೆ ಉಪ್ಪಿಗೆ ನೀರು ಚಿಮುಕಿಸಿದೆ. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಎಂದು ಫ್ರಿಜ್ಜಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಮುಳ್ಳು ಎಪ್ಪತ್ತೈದರ ಆಚೀಚೆ ನಿಂತ ಮೇಲೆಯೇ ಮಾಂಸಕ್ಕೆ ಹೋದದ್ದು. ಚೆನ್ನಾಜಿ ಈ ಸಲ ಸೀಳಿ ಕೊಡುತ್ತ, "ದಿನಾ ಒಂದ್ ಸರ ತಂದು ತೂಕ ಆಕುಸ್ಕಂಡ್ ವೋಗಿ," ಎಂದಳು. "ಹೊರಗ್ ನೋಡಿದ್ರೆ ಮಾಂಸ ಸುಳ್ಳೇಳ್ತದೆ. ತಕ್ಕಡಿ ಹೇಳಕ್ಕಿಲ್ಲ. ಒಂದು ಕಿಲೋ ಇದ್ದದ್ದು ಅರ್ಧಕ್ಕೆ ಬಂದ್ರೆ ಒಳಗೂ ಒಣಗದೆ ಅಂತ."

ಹೀಗೆ ದಿನಾ ಬೆಳಿಗ್ಗೆ ಒಂದು ಸರವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿಕೊಂಡು ಶುಕ್ರವಾರದ ಬೀದಿಗೆ ಹೋಗುವುದು ರೂಢಿಯಾಯಿತು. ಮೊದಲ ದಿನ ಆ ಸರ ನಾನೂರು ಗ್ರಾಮಿತ್ತು. ಎರಡನೇ ದಿನ ಮುನ್ನೂರ ಅರವತ್ತು. ನಾಲ್ಕನೇ ದಿನ ಮುನ್ನೂರು. ಚೆನ್ನಾಜಿ ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು. ಮೇಸ್ತ್ರಿ ಮಾಂಸ ಕೊಳ್ಳೋಕೆ ಬರ್ತಾವ್ನೋ ಮಾರೋಕೋ ಎಂದು ಮೊದಮೊದಲು ಗೇಲಿ ಮಾಡುತ್ತಿದ್ದವರು, ಆರನೇ ದಿನದ ಹೊತ್ತಿಗೆ ನನ್ನನ್ನು ಕಂಡೊಡನೆ ಸರದಿ ಬಿಟ್ಟು ದಾರಿ ಮಾಡಿಕೊಟ್ಟು, ಇವತ್ತೆಷ್ಟು ಎಂದು ಕೇಳುವಂತಾದರು. ಒಂಬತ್ತನೇ ದಿನ ತೂಕ ಇಳಿಯಲೇ ಇಲ್ಲ. ನನ್ನ ಮುಖ ಬಾಡಿದ್ದು ನೋಡಿ ಚೆನ್ನಾಜಿ ಮಾಂಸವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, "ಅದೂ ಒಸಿ ಸುದಾರಿಸ್ಕಳ್ಳಿ ಬುಡಿ, ಯಾಕಂಗೆ ಅವಸ್ರ ಮಾಡ್ತೀರಿ," ಎಂದಳು. ಆ ಮಾತನ್ನು ಮಾಂಸಕ್ಕೆ ಹೇಳಿದಳೋ ನನಗೆ ಹೇಳಿದಳೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹನ್ನೊಂದನೇ ದಿನ ಇನ್ನೂರಕ್ಕೆ ಐದು ಗ್ರಾಮು ಕಡಿಮೆ ಬಂತು. ಕತ್ತರಿಸಿದರೆ ಅಂಚಿನಿಂದ ನಡುವಿನ ತನಕ ಒಂದೇ ಬಣ್ಣ, ಗಾಢ ಕೆಂಪು. ಹುಳಿ ಇಲ್ಲ, ಬೂಷ್ಟಿಲ್ಲ. ಚೆನ್ನಾಜಿ ಒಂದು ಚೂರನ್ನು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. ನನ್ನ ಆಯುಷ್ಯದಲ್ಲಿ ಅಷ್ಟು ಸಂತೋಷ ಬೇರೆ ಯಾವತ್ತೂ ಆಗಿರಲಿಲ್ಲ.

ಮುಂದಿನ ಶುಕ್ರವಾರ ಒಗೆದ ಶರಟು ಹಾಕಿಕೊಂಡು ದೊಡ್ಡತಾಯಮ್ಮನವರ ಮನೆಗೆ ಹೋದೆ. ಚೆನ್ನಾಜಿ ಉಪ್ಪುಕಂಡವನ್ನು ಈರುಳ್ಳಿ ಹಾಕಿ ಹುರಿದು ತಂದು ಎಲೆಗೆ ಬಡಿಸಿ ಗೋಡೆಗೆ ಒರಗಿ ನಿಂತಳು. ಬಾಗಿಲಿನಿಂದ ಬಿಸಿಲು ಒಳಗೆ ಬಂದು ಮುದುಕಿಯ ಪಾದದ ಮೇಲೆ ಬಿದ್ದಿತ್ತು. ಅವರು ಎಲೆಯನ್ನು ನೋಡಿದರು, ನನ್ನನ್ನು ನೋಡಿದರು.

"ಯೋಳಪ್ಪ," ಎಂದರು. "ಯಾರ್ ಯಾರ್ ಮನೆ?"

ಮಾಂಸ ಬಾಯಿಗೆ ಹೋದ ಮೇಲೆ ಮರೆಯುತ್ತಾರೆ ಎಂದು ಹಾಕಿದ್ದ ಲೆಕ್ಕ ಅಲ್ಲೇ ತಲೆಕೆಳಗಾಯಿತು. "ಯಾರ ಮನೇನೂ ಅಲ್ಲ ಅವ್ವ. ನಮ್ಮನೇಲೇ ಒಣಗ್ಸಿದ್ದು. ಒಂದು ಪೆಟ್ಗೆ ಮಾಡಿವ್ನಿ," ಎಂದೆ.

ಅವರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಕಣ್ಣು ಮುಚ್ಚಿದರು. ನಾನು ಮುದುಕಿಯ ದವಡೆ ಆಡುವುದನ್ನೇ ನೋಡುತ್ತ ಕೂತೆ. "ಉಪ್ಪು ಸರ್ಯಾಗದೆ. ಧೂಳಿಲ್ಲ. ನೊಣ ಕೂತಿಲ್ಲ. ಒಳಗಂಟ ಒಣಗದೆ," ಎಂದರು. ನಾನು ಚೆನ್ನಾಜಿಯ ಕಡೆ ನೋಡಿದೆ. ಅಷ್ಟರಲ್ಲಿ ಅವರು ಇನ್ನೂ ಖಾಲಿಯಾಗದ ಎಲೆಯನ್ನು ಮುಂದಕ್ಕೆ ಸರಿಸಿದರು.

"ಬಿಸಿಲಿಲ್ಲ ಅಂತಾನಾ ಅವ್ವ?" ಎಂದೆ.

"ಬಿಸ್ಲು ಕಟ್ಕಂಡು ನಂಗೇನಾಗ್ಬೇಕು? ನಾಕ್ ಹೆಸ್ರು ಯಾಕೆ ಕೇಳ್ತೀವಿ ಅಂದ್ಕಂಡಿದ್ದೀಯ? ನಾಕ್ ಮನೇರು ಒಂದೊಂದಿನ ನಿನ್ ಮಾಂಸಕ್ಕೆ ಕಾಗೆ ಓಡಿಸ್ಕಂಡು ಕೂತಿದ್ರು ಅಂತ ಗೊತ್ತಾಗ್ಲಿ ಅಂತ. ನಾಳೆ ನೀನು ದಾರೀಲಿ ಬಿದ್ರೆ ಎತ್ತಕ್ಕೆ ಓಡಿ ಬರೋರು ಯಾರು ಅಂತ ಗೊತ್ತಾಗ್ಲಿ ಅಂತ. ನೀನು ಯಾರ್ನೂ ಕೇಳ್ದಂಗೆ ಬದುಕಕ್ಕೆ ಪೆಟ್ಗೆ ಮಾಡ್ಕಂಡಿದ್ದೀಯ. ಯಾರೂ ಬ್ಯಾಡ ಅನ್ನೋನಿಗೆ ನಮ್ ಹುಡ್ಗೀನ ಎಂಗ್ ಕೊಡ್ಲಪ್ಪ?"

ನನಗೆ ಬಹಳ ನೋವಾಯಿತು. "ಯಾರೂ ಬೇಡ ಅಂತ ಮಾಡಿದ್ದಲ್ಲ ಅವ್ವ. ಯಾರೂ ಇಲ್ಲ ಅಂತ ಮಾಡಿದ್ದು. ನಮ್ಮ ಓಣಿಗೆ ಯಾರ್ ಬಂದು ಹಗ್ಗ ಕಟ್ತಾರೆ?" ಎಂದೆ. ಅವರು ಕೈ ತೊಳೆಯಲು ಎದ್ದರು. ಚೆನ್ನಾಜಿ ಬಾಗಿಲ ತನಕ ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ತಿರುಗಿ ನೋಡದೆ ನಡೆದೆ. ಅವತ್ತೇ ಫ್ಯಾನು ಆರಿಸಿ, ಬೋಗುಣಿಯ ಉಪ್ಪನ್ನು ಮೋರಿಗೆ ಸುರಿದೆ. ಮಿಕ್ಕ ಉಪ್ಪುಕಂಡವನ್ನು ಮುನಿಶಾಮಿಗೆ ಕೊಟ್ಟೆ. ಅವನು ಮೂರು ದಿನ ಅದನ್ನು ತಿಂದು ಮೂರು ದಿನವೂ ಬಂದು, ಆ ಮುದುಕಿಗೆ ನಾಲಗೆ ಸತ್ತಿದೆ ಎಂದು ನನಗೆ ಸಮಾಧಾನ ಹೇಳಿದ.

ಎಂಟು ದಿನ ಕಳೆದಿರಬೇಕು. ಶನಿವಾರ, ಮಧ್ಯಾಹ್ನ ತಿರುಗಿತ್ತು. ಶನಿವಾರದ ಬೀದಿಯ ಕರಿಗೌಡರ ಮನೆಯ ಫ್ರಿಜ್ಜು ರಿಪೇರಿ ಮುಗಿಸಿಕೊಂಡು ಬಂದು ಜಗಲಿಯಲ್ಲಿ ಕೂತಿದ್ದೆ. ಓಣಿಯ ತುದಿಯಲ್ಲಿ ಕೋಲಿನ ಸದ್ದು ಕೇಳಿತು. ದೊಡ್ಡತಾಯಮ್ಮ. ಬಿಸಿಲಿನ ಬೀದಿಯಿಂದ ಬಂದವರಾದ್ದರಿಂದ ಸೆರಗನ್ನು ತಲೆ ಮೇಲೆ ಹೊದ್ದುಕೊಂಡಿದ್ದರು, ಓಣಿಯೊಳಗೆ ಕಾಲಿಟ್ಟ ಮೇಲೆ ಅದನ್ನು ಕೆಳಗಿಳಿಸಿ ಸುತ್ತಮುತ್ತ ನೋಡಿದರು. ಅವರ ಹಿಂದೆ ಮಂಕರಿ ಹೊತ್ತ ಚೆನ್ನಾಜಿ. ನಾನು ಎದ್ದು ನಿಂತೆ.

"ನಿನ್ನೆ ನಮ್ ಮಾಳ್ಗೇಲಿ ಒಂದ್ ಬಿಸ್ಲು ಕಾಣ್ಸಿದ್ದು," ಎಂದು ದೊಡ್ಡತಾಯಮ್ಮ ಮಂಕರಿ ತೋರಿಸಿದರು. ಅದರಲ್ಲಿ ಅರಿಶಿನ ಬಳಿದ ಮಾಂಸದ ಸರಗಳು. "ಇವತ್ತು ನಮ್ ಕರಿಗೌಡನ ಮಾಳ್ಗೇಲಿ ಕಟ್ಬೇಕಿತ್ತು. ಅವರ ಮನೇಲಿ ಸುಣ್ಣ ಹ್ವಡೀತಾವ್ರೆ. ಮಾಳ್ಗೆ ತುಂಬ ಪಾತ್ರೆ ಪಗಡ, ಕಾಲಿಡಕ್ಕೆ ಜಾಗ ಇಲ್ಲ. ಸುಮ್ಕೆ ಹಾಳಾಯ್ತದಲ್ಲ ಅಂತ ತಂದೆ. ಎಲ್ಲಿ ನಿನ್ ಪೆಟ್ಗೆ?"

ಒಂದು ಗಂಟೆಯ ಹಿಂದೆ ನಾನು ಕರಿಗೌಡರ ಮನೆಯಲ್ಲೇ ಇದ್ದೆ. ಅಲ್ಲಿ ಸುಣ್ಣವೂ ಇರಲಿಲ್ಲ, ಬ್ರಷ್ಷೂ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಹಗ್ಗ ಖಾಲಿ ತೂಗಾಡುತ್ತಿತ್ತು. ಗೌಡರಿಗೆ ದೊಡ್ಡತಾಯಮ್ಮ ಚಿಕ್ಕಮ್ಮನಾಗಬೇಕು. ಗೌಡರ ಹೆಂಡತಿಯಂತೂ, ಚಿಕ್ಕಮ್ಮ ಇನ್ನೂ ಯಾಕೆ ಬಂದಿಲ್ಲವೋ ಎಂದು ಮೂರು ಸಲ ಅಂದಿದ್ದರು. ಚೆನ್ನಾಜಿ ಮಂಕರಿ ಇಳಿಸುತ್ತ ನನ್ನ ಮುಖ ನೋಡಿ, ತುಟಿ ಕಚ್ಚಿ, ಗೋಡೆಯ ಕಡೆ ತಿರುಗಿದಳು.

ಪೆಟ್ಟಿಗೆಯ ಬಾಗಿಲು ತೆರೆದೆ. ದೊಡ್ಡತಾಯಮ್ಮ ಒಳಗೆ ತಲೆ ಹಾಕಿ ಫ್ಯಾನು ನೋಡಿದರು, ಮುಳ್ಳಿನ ಡಬ್ಬಿ ನೋಡಿದರು, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಓದಲು ಬಾರದಿದ್ದರೂ ಬೆರಳಿಟ್ಟು ಸಾಲು ಸಾಲು ನೋಡಿದರು. ಆಮೇಲೆ ಸರಗಳನ್ನು ಬೇರೆಯವರ ಕೈಗೆ ಕೊಡದೆ ತಾವೇ ಒಂದೊಂದಾಗಿ ಸಲಾಕೆಗೆ ಕಟ್ಟಿದರು. ನನ್ನ ಮನೆಯಲ್ಲಿ ಬೇರೆಯವರ ಹಗ್ಗ ಬಿದ್ದದ್ದು ಅದೇ ಮೊದಲು. ನನ್ನ ಅಪ್ಪನ ಕಾಲದಲ್ಲೂ ಬಿದ್ದಿರಲಿಲ್ಲ, ಅವನ ಅಪ್ಪನ ಕಾಲದಲ್ಲೂ ಇಲ್ಲ. ನಾನು ಉಪ್ಪಿನ ಬೋಗುಣಿ ತರುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಈಚೆ ಬಂದಾಗ ದೊಡ್ಡತಾಯಮ್ಮ ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. "ತಂಪಾಗದೆ ನಿಮ್ ಓಣಿ," ಎಂದರು. "ನಮ್ ಹಗ್ಗ ನಿನ್ ಮನೇಲಿ ಬಿತ್ತು. ಇನ್ಮೇಲೆ ನಿನ್ ಹಗ್ಗ ನಮ್ ಮನೇಲಿ ಕಟ್ಬೋದು. ಒಂದ್ ಹೆಸ್ರು ಆಯ್ತು. ಮಿಕ್ಕಿದ್ ಮೂರು ನೀನೇ ನೋಡ್ಕ. ಎಲ್ಲಾನೂ ನಾನೇ ಮಾಡ್ಕೊಡಕ್ಕಾಯ್ತದಾ?"

ಮಿಕ್ಕಿದ್ದು ಮುನಿಶಾಮಿಯ ಬಾಯಿಯ ಕೆಲಸ. ದೊಡ್ಡತಾಯಮ್ಮನವರ ಮಾಂಸ ನಮ್ಮ ಓಣಿಯಲ್ಲಿ ತೂಗುತ್ತಿದೆ ಎಂಬ ಸುದ್ದಿ ಸಂಜೆಯೊಳಗೆ ಏಳು ಬೀದಿ ಸುತ್ತಿತು. ಮೊದಲು ಕರಿಗೌಡರೇ ಬಂದರು, ಚಿಕ್ಕಮ್ಮ ತಮ್ಮ ಮಾಳಿಗೆ ಬಿಟ್ಟು ಇಲ್ಲಿಗೇಕೆ ಬಂದರು ಎಂದು ಜಗಳ ಮಾಡಲು. ಪೆಟ್ಟಿಗೆ ನೋಡಿ ಜಗಳ ಮರೆತು, ಮಾರನೇ ದಿನ ತಾವೂ ಎರಡು ಸರ ತಂದು ಕಟ್ಟಿದರು. ಭಾನುವಾರದ ಬೀದಿಯ ಪುಟ್ಟರಂಗಮ್ಮ ಟೀಚರ್ ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ ತಂದರು. ವಾಸನೆ ಬೆರೆಯುತ್ತದೆ ಎಂದು ಅವರಿಗಾಗಿ ಇನ್ನೊಂದು ಸತ್ತ ಫ್ರಿಜ್ಜಿನ ರಬ್ಬರು ಕತ್ತರಿಸಿದೆ. ಈ ಸಲ ಬ್ಲೇಡು ಕೆಳಗಿಡಲಿಲ್ಲ. ಸೋಮವಾರದ ಬೀದಿಯಲ್ಲಿ ಬ್ಯಾಂಡ್‌ಸೆಟ್ ಇಟ್ಟಿರುವ ಮಾದಪ್ಪ, ಮದುವೆಯ ಕಾಲದಲ್ಲಿ ಮಾಳಿಗೆ ಕಾಯಲು ಮನೆಯಲ್ಲಿ ಯಾರೂ ಇರುವುದಿಲ್ಲ ಎಂದು ಹೇಳಿಕೊಂಡು ಒಂದು ಮೊರದ ತುಂಬ ಮಾಂಸ ತಂದಿಟ್ಟ. ಯಾರು ಬಂದರೂ ಜಗಲಿಯಲ್ಲಿ ಕೂತು, ತಂಪಾಗಿದೆಯಲ್ಲ ಎನ್ನುತ್ತಿದ್ದರು. ಕಾಫಿ ಕೊಡುವುದು ಈಗ ನನ್ನ ಸರದಿಯಾಯಿತು. ಮುನಿಶಾಮಿಯ ಮನೆಯಿಂದ ಲೋಟ ಸಾಲ ತಂದೆ.

ಹೀಗೆ ನನ್ನ ಹಗ್ಗ ಶುಕ್ರವಾರ ದೊಡ್ಡತಾಯಮ್ಮನವರ ಮಾಳಿಗೆ ಹತ್ತಿತು, ಶನಿವಾರ ಕರಿಗೌಡರದು, ಭಾನುವಾರ ಟೀಚರದು, ಸೋಮವಾರ ಮಾದಪ್ಪನದು. ಮನೆಯವರು ಕಾಯುತ್ತೇವೆ ಎಂದರೂ ಕೇಳದೆ ನಾಲ್ಕೂ ದಿನ ನಾನೂ ಪಕ್ಕದಲ್ಲಿ ಕೂತು ಕಾಗೆ ಓಡಿಸಿದೆ. ನನ್ನ ಮಾಂಸ, ನನ್ನ ಹಗ್ಗ, ನನ್ನ ಪಾಲಿನ ಬಿಸಿಲು. ಅಭ್ಯಾಸವಿಲ್ಲದ ಮೂಗಿನ ಚರ್ಮ ಸುಲಿದುಬಂತು. ಮೊದಲ ದಿನವೇ ಚೆನ್ನಾಜಿ ಅಂಗಡಿ ಬಿಟ್ಟು ಮಾಳಿಗೆಗೆ ಬಂದು, ಒದ್ದೆ ಚೌಕವೊಂದನ್ನು ನನ್ನ ತಲೆ ಮೇಲೆ ಹಾಕಿ, "ಮಾಂಸ ಒಣಗ್ಲಿ, ನೀವ್ ಒಣಗ್ಬ್ಯಾಡಿ," ಎಂದು ಹೇಳಿ ಇಳಿದುಹೋಗಿದ್ದಳು.

ಆಮೇಲಿನ ಶುಕ್ರವಾರ ಮತ್ತೆ ಅದೇ ಹಜಾರ, ಅದೇ ಎಲೆ. ದೊಡ್ಡತಾಯಮ್ಮ ಹೆಸರು ಕೇಳಿದರು. ಮೊದಲ ಹೆಸರು ಅವರದೇ ಆದ್ದರಿಂದ ಹೇಳುವಾಗ ನನಗೆ ನಾಚಿಕೆಯಾಯಿತು, ಅವರು ಮಾತ್ರ ಕದಲಲಿಲ್ಲ. ಕರಿಗೌಡರು, ಪುಟ್ಟರಂಗಮ್ಮ ಟೀಚರ್, ಮಾದಪ್ಪ. ನಾಲ್ಕೂ ಮುಗಿದವು. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿಯತೊಡಗಿದರು. ಅಗಿದರು, ಅಗಿದರು, ಮುಖ ಸ್ವಲ್ಪ ಗಂಟಾಯಿತು.

"ಪೆಟ್ಗೇದೇ ಚೆನ್ನಾಗಿತ್ತು ಕನಪ್ಪ," ಎಂದರು ದೊಡ್ಡತಾಯಮ್ಮ. "ಇದ್ರಲ್ಲಿ ಒಸಿ ಧೂಳು ಕೂತದೆ."

ನಾನು ಚೆನ್ನಾಜಿಯನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಮುದುಕಿ ಅದನ್ನು ಗಮನಿಸದವರ ಹಾಗೆ ಎರಡನೇ ಚೂರು ತೆಗೆದುಕೊಂಡರು. ಆಮೇಲೆ ಮೂರನೆಯದು. ಹಲ್ಲು ಕಡಿಮೆಯಿದ್ದುದರಿಂದ ಒಂದೊಂದಕ್ಕೂ ಬಹಳ ಹೊತ್ತು ಹಿಡಿಯುತ್ತಿತ್ತು. ಎಲೆಯ ಅಂಚಿನಲ್ಲಿ ಒಂದೇ ಒಂದು ಚೂರು ಉಳಿದಾಗ ಅವರು ನಿಲ್ಲಿಸಿ, ನೀರು ಕುಡಿದು, ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, ಅದನ್ನೂ ಬಾಯಿಗೆ ಹಾಕಿಕೊಂಡು, ಬೇಕೆಂದೇ ನಿಧಾನವಾಗಿ ಅಗಿದರು.